ಗೆರೆಯಿಲ್ಲದ ಹೆಬ್ಬೆರಳು

“ಓದಿ ಮೇಡಂ, ನಿಧಾನಕ್ಕೆ ಓದಿ. ಅಷ್ಟರಲ್ಲಿ ಕಾಫಿ ತರಿಸ್ತೀನಿ,” ಎಂದು ಕದಿರೇಶ್ ಪ್ಲಾಸ್ಟಿಕ್ ಕವರಿನಲ್ಲಿದ್ದ ಹಾಳೆಯನ್ನು ಮೇಜಿನ ಮೇಲೆ ಮುಂದಕ್ಕೆ ಸರಿಸಿದ.

“ಕಾಫಿ ಬೇಡ,” ಎಂದಳು ಸಬ್ ಇನ್ಸ್‌ಪೆಕ್ಟರ್ ಇಶ್ರತ್.

ಬೆಳಿಗ್ಗೆಯಿಂದ ಅವಳ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಆದರೂ ಈ ಮನುಷ್ಯನ ಕೈಯಿಂದ ನೀರನ್ನೂ ಕುಡಿಯಬಾರದೆಂದು ಮೆಟ್ಟಿಲು ಹತ್ತುವಾಗಲೇ ನಿಶ್ಚಯಿಸಿಕೊಂಡಿದ್ದಳು.

ಸೋಮವಾರ ವೇಮಗಲ್‌ನ ಒಂದು ಮಾವಿನ ತಿರುಳಿನ ಕಾರ್ಖಾನೆಯಲ್ಲಿ ಕೊಳೆತ ತಿರುಳಿನ ತೊಟ್ಟಿ ತೊಳೆಯಲು ಇಳಿದ ಸುಗಟೂರಿನ ದೊಡ್ಡಗಂಗಮ್ಮ, ವಿಷಗಾಳಿ ಕುಡಿದು ಬಿದ್ದು, ಆಂಬುಲೆನ್ಸ್ ಕೋಲಾರ ಮುಟ್ಟುವ ಮೊದಲೇ ಸತ್ತಿದ್ದಳು. ಅವಳನ್ನು ಕೆಲಸಕ್ಕೆ ಕಳಿಸಿದ್ದು ಕದಿರೇಶನ ‘ಥಳಥಳ ಕ್ಲೀನಿಂಗ್ ಸರ್ವಿಸಸ್’. ಇವತ್ತು ಬುಧವಾರ. ಕೋಲಾರದ ಈ ಮಹಡಿಯ ಆಫೀಸಿನಲ್ಲಿ ಫಿನಾಯಿಲ್ ವಾಸನೆಯೂ ಊದುಬತ್ತಿ ವಾಸನೆಯೂ ಬೆರೆತು ತಲೆನೋಯುತ್ತಿತ್ತು.

ಬೆಳಿಗ್ಗೆ ಸರ್ಕಲ್ ಇನ್ಸ್‌ಪೆಕ್ಟರ್ ವೆಂಕಟರಮಣಪ್ಪ ಫೋನಿನಲ್ಲಿ ಸ್ಪಷ್ಟವಾಗಿಯೇ ಹೇಳಿದ್ದರು. “ಆ ಹೆಂಗಸು ತನ್ನ ಜವಾಬ್ದಾರಿ ಮೇಲೆ ಇಳೀತಿದ್ದೀನಿ ಅಂತ ಬರ್ಕೊಟ್ಟ ಪತ್ರ ಇದೆಯಂತಲ್ಲಮ್ಮ. ಹೋಗಿ ನೋಡ್ಕೊಂಡು ಬನ್ನಿ. ಅದು ಸರಿಯಾಗಿದ್ರೆ ಸ್ವಂತ ಅಜಾಗರೂಕತೆ ಅಂತ ಸಾಯಂಕಾಲಕ್ಕೆ ಫೈಲ್ ಮುಗಿಸಿ.”

ಸ್ವಂತ ಅಜಾಗರೂಕತೆ. ಸತ್ತವಳ ತಲೆಗೇ ಸಾವನ್ನು ಕಟ್ಟಿ ಕಳಿಸುವ ಎರಡು ಪದ. ಕೆಳಗೆ ಜೀಪಿನಲ್ಲಿ ಕೂತಿದ್ದ ದೊಡ್ಡಗಂಗಮ್ಮನ ಮಗಳು ಮೇಘನ ಎರಡು ದಿನದಿಂದ ಒಂದೇ ಮಾತು ಹೇಳುತ್ತಿದ್ದಳು: “ನಮ್ಮಮ್ಮ ತಾನಾಗಿ ಸತ್ಲು ಅಂತ ಮಾತ್ರ ಬರೀಬೇಡಿ ಮೇಡಂ.” ಆ ಹುಡುಗಿ ಬೇರೇನೂ ಕೇಳಿರಲಿಲ್ಲ. ಇಶ್ರತ್ ಮಾತು ಕೊಟ್ಟಿದ್ದಳು, ಪೊಲೀಸರು ಕೊಡಬಾರದ ಮಾತನ್ನು.

ಅವಳು ಹಾಳೆ ಕೈಗೆತ್ತಿಕೊಂಡಳು. ‘ಹೊಣೆಮುಕ್ತಿ ಪತ್ರ’ ಎಂದು ದಪ್ಪ ಅಕ್ಷರದ ತಲೆಬರಹ. ಕೆಳಗೆ ಒತ್ತೊತ್ತಾಗಿ ಅಚ್ಚಾದ ಸಾಲುಗಳು.

‘ನಾನು ಯಾರ ಒತ್ತಾಯವೂ ಇಲ್ಲದೆ ಶುಚಿಗೊಳಿಸುವ ಕೆಲಸಕ್ಕೆ ಒಪ್ಪಿರುತ್ತೇನೆ. ಮುಖಗವಸು, ಹಗ್ಗ ಇತ್ಯಾದಿ ರಕ್ಷಣಾ ಸಾಮಗ್ರಿಗಳನ್ನು ಸಂಸ್ಥೆಯವರು ಕೊಟ್ಟಾಗ್ಯೂ ನಾನೇ ಬೇಡವೆಂದಿರುತ್ತೇನೆ. ಗಾಯ, ಅಂಗವೈಕಲ್ಯ ಅಥವಾ ಸಾವು ಸಂಭವಿಸಿದಲ್ಲಿ ನಾನೇ ಹೊಣೆ. ಕಾರ್ಪೆಟ್ಟಿನ ಬಣ್ಣ ಹೋದಲ್ಲಿ, ಸಾಕುನಾಯಿ ಅಥವಾ ಬೆಕ್ಕು ಕಚ್ಚಿದಲ್ಲಿ ಸಂಸ್ಥೆಗೆ ಸಂಬಂಧವಿರುವುದಿಲ್ಲ.’

“ಕಾರ್ಪೆಟ್ಟಾ?” ಎಂದಳು.

ಕದಿರೇಶ್ ಸ್ವಲ್ಪ ನಾಚಿದಂತೆ ಮಾಡಿದ. “ಇಂಟರ್ನೆಟ್ಟಲ್ಲಿ ಸಿಕ್ತು ಮೇಡಂ. ಫಾರಿನ್ನಲ್ಲಿ ಎಲ್ಲಾ ಕ್ಲೀನಿಂಗ್ ಕಂಪ್ನಿಯೋರೂ ಇಂಥದ್ದೇ ಇಟ್ಕೊಂಡಿರ್ತಾರಂತೆ. ಕನ್ನಡಕ್ಕೆ ಮಾಡಿಸ್ದೆ. ಸಾವಿನ ಲೈನ್ ಮಾತ್ರ ನಮ್ಮ ಲಾಯರ್ ಸೇರ್ಸಿದ್ದು.”

ಸುಗಟೂರಿನ ದೊಡ್ಡಗಂಗಮ್ಮ ತನ್ನ ಜನ್ಮದಲ್ಲಿ ಕಾರ್ಪೆಟ್ ಮೆಟ್ಟಿದವಳಲ್ಲ. ಅವಳ ಸಾವು ಮಾತ್ರ ಯಾವುದೋ ದೇಶದ ಬೆಕ್ಕು ನಾಯಿಗಳ ಪಕ್ಕದಲ್ಲಿ ಒಂದು ಸಾಲಾಗಿ ಕೂತಿತ್ತು. ಇಶ್ರತ್‌ಗೆ ಆ ಹಾಳೆಯನ್ನು ಅವನ ಬಾಯಿಗೆ ತುರುಕುವಷ್ಟು ಸಿಟ್ಟು ಬಂತು. ಆದರೆ ಅದು ಸಾಕ್ಷ್ಯ, ಮಡಿಕೆ ಕೂಡ ಬೀಳಬಾರದು.

“ಕಾರ್ಖಾನೆಯೋರು ಏನಂತಾರೆ?”

“ಅವ್ರಿಗೇನು ಸಂಬಂಧ ಮೇಡಂ? ತೊಳೆಯೋ ಕೆಲಸದಲ್ಲಿ ಏನಾದ್ರೂ ನಾವೇ ಹೊಣೆ ಅಂತ ನಾನು ಅವ್ರಿಗೆ ಬರ್ಕೊಟ್ಟಿದ್ದೀನಿ.”

“ನೀವು ಹೊಣೆ.”

“ನಾನು ಅವ್ರಿಗೆ ಹೊಣೆ. ನನಗೆ ಕೆಲಸದೋರು ಹೊಣೆ. ಎಲ್ಲಾ ಪೇಪರ್ ಮೇಲೇ ಇದೆ.”

ಹೊಣೆ ಎನ್ನುವುದು ಚರಂಡಿ ನೀರಿನ ಹಾಗೆ ಇಳಿಜಾರಿಗೇ ಹರಿಯುತ್ತದೆ. ಕಾರ್ಖಾನೆಯಿಂದ ಕಂಪನಿಗೆ, ಕಂಪನಿಯಿಂದ ತೊಟ್ಟಿಗೆ ಇಳಿದ ಹೆಂಗಸಿಗೆ. ಅವಳ ಕೆಳಗೆ ಇನ್ನು ಯಾರೂ ಇರಲಿಲ್ಲ.

ಇಶ್ರತ್ ಹಾಳೆಯ ತಳಕ್ಕೆ ಕಣ್ಣಿಳಿಸಿದಳು. ತಾರೀಖು ಜೂನ್ ಮೂರು, ಎಂದರೆ ಎರಡು ತಿಂಗಳ ಹಿಂದಿನದು. ಸಾಕ್ಷಿ ಎಂದು ಸೂಪರ್‌ವೈಸರ್ ಗೋಪಿಯ ಸಹಿ. ಅದರ ಪಕ್ಕದಲ್ಲಿ ನೀಲಿ ಶಾಯಿಯ ಹೆಬ್ಬೆಟ್ಟು.

ಅಚ್ಚುಕಟ್ಟಾದ ಹೆಬ್ಬೆಟ್ಟು. ಸುಳಿ ಎಲ್ಲಿ ಶುರುವಾಗುತ್ತದೆ, ಗೆರೆ ಎಲ್ಲಿ ಕವಲೊಡೆಯುತ್ತದೆ ಎಂದು ಭೂತಗನ್ನಡಿ ಇಲ್ಲದೆಯೇ ಎಣಿಸಬಹುದಿತ್ತು. ನಟ್ಟನಡುವೆ ಓರೆಯಾಗಿ ಒಂದು ಬಿಳಿ ಗೀರು. ಹಿಂದೆಂದೋ ಕೊಯ್ದು ವಾಸಿಯಾದ ಗಾಯದ ಕಲೆ ಶಾಯಿ ಹಿಡಿಯದೆ ಬಿಟ್ಟ ಜಾಗ.

ಅವಳು ಅದನ್ನೇ ನೋಡುತ್ತ ಕೂತಳು. ಒಳಗೆ ಬೆಂಕಿ ಬಿದ್ದಿತ್ತು, ಮುಖ ಮಾತ್ರ ತಣ್ಣಗಿತ್ತು.

“ಸಹಿ ಯಾಕೆ ಹಾಕಿಸ್ಲಿಲ್ಲ?” ಎಂದಳು ಮೆಲ್ಲಗೆ.

“ಸಹಿ ಆದ್ರೆ ನಾಳೆ ನಂದಲ್ಲ ಅಂತಾರೆ ಮೇಡಂ. ಹೆಬ್ಬೆಟ್ಟು ಮಾತು ತಪ್ಪಲ್ಲ. ನಮ್ಮಲ್ಲಿ ಪೊರಕೆ ಕೊಟ್ರೂ ಹೆಬ್ಬೆಟ್ಟು, ಬಕೆಟ್ ವಾಪಸ್ ತಗೊಂಡ್ರೂ ಹೆಬ್ಬೆಟ್ಟು. ನೋಡಿ ಇಲ್ಲಿ.” ಅವನು ಮೇಜಿನ ಮೇಲಿದ್ದ ಉದ್ದನೆಯ ರಿಜಿಸ್ಟರನ್ನು ಹೆಮ್ಮೆಯಿಂದ ತಟ್ಟಿದ. ಪಕ್ಕದಲ್ಲಿ ನೀಲಿ ಪ್ಯಾಡ್ ಬಾಯ್ತೆರೆದುಕೊಂಡು ಕೂತಿತ್ತು.

“ಇದನ್ನ ಒತ್ತಿದಾಗ ನೀವು ಎದುರಿಗಿದ್ರಾ?”

“ನಾನೇ ಮೇಡಂ. ಇದೇ ಟೇಬಲ್. ಆ ಯಮ್ಮನ ಕೈ ಹಿಡಿದು ಒತ್ತಿಸಿದ್ದೇ ನಾನು.”

“ಓದಿ ಹೇಳಿದ್ರಾ?”

“ಒಂದಕ್ಷರ ಬಿಡದಂಗೆ.”

“ಸೋಮವಾರ ಆಕೆ ಬಿದ್ದಿದ್ದು ಎಷ್ಟೊತ್ತಿಗೆ?”

“ಹನ್ನೊಂದೂವರೆಗೆ. ಹತ್ತೇ ನಿಮಿಷ ಮೇಡಂ. ಹನ್ನೊಂದು ನಲವತ್ತಕ್ಕೆಲ್ಲ ಆಂಬುಲೆನ್ಸಿಗೆ ಫೋನ್ ಮಾಡಿಸಿದ್ದೀನಿ. ಬೇಕಾದ್ರೆ ಅವ್ರ ಲಿಸ್ಟ್ ನೋಡಿ.”

ಆಂಬುಲೆನ್ಸಿನ ಚೀಟಿ ಅವಳ ಫೈಲಿನಲ್ಲೇ ಇತ್ತು. ಕರೆ ಬಂದ ಸಮಯ ಹನ್ನೊಂದು ನಲವತ್ತು. ಅಷ್ಟರ ಮಟ್ಟಿಗೆ ಅವನ ಮಾತು ನಿಜವಾಗಿತ್ತು. ಅವಳು ಬಿಳಿಹಾಳೆ ತೆಗೆದು ಅವನ ಹೇಳಿಕೆಯನ್ನು ಅವನ ಮಾತಿನಲ್ಲೇ ಬರೆದಳು. ಕೈ ಹಿಡಿದು ಒತ್ತಿಸಿದ್ದು, ಓದಿ ಹೇಳಿದ್ದು, ಹನ್ನೊಂದೂವರೆ, ಹನ್ನೊಂದು ನಲವತ್ತು, ಒಂದನ್ನೂ ಬಿಡಲಿಲ್ಲ.

“ಸಹಿ ಮಾಡಿ. ಹೆಬ್ಬೆಟ್ಟೂ ಒತ್ತಿ. ಮಾತು ತಪ್ಪಲ್ಲ ಅಂದ್ರಲ್ಲ.”

ಅವನು ನಗುತ್ತಲೇ ಒತ್ತಿದ. ಅವನ ಹೆಬ್ಬೆಟ್ಟಿನಲ್ಲಿ ಓರೆ ಗೀರು ಇರಲಿಲ್ಲ. ಅವಳು ರಿಜಿಸ್ಟರನ್ನು ತನ್ನ ಕಡೆಗೆ ಎಳೆದುಕೊಂಡು ಹಾಳೆಯ ಮೇಲೆ ಹಾಳೆ ತಿರುಗಿಸಿದಳು. ಪೊರಕೆ, ಬಕೆಟ್, ಆಸಿಡ್ ಬಾಟಲಿ, ಗ್ಲೌಸ್. ಹದಿನಾಲ್ಕು ಜನ ಕೆಲಸದವರ ಗುರುತುಗಳು. ಗೋಪಿಯದೂ ಇತ್ತು. ಯಾರದರಲ್ಲೂ ಆ ಗೀರಿಲ್ಲ. ದೊಡ್ಡಗಂಗಮ್ಮನ ಹೆಸರಿನ ಮುಂದೆ ಎಲ್ಲ ಕಡೆ ಒಂದೊಂದು ನೀಲಿ ಬೊಟ್ಟು, ಅಷ್ಟೇ.

“ಈ ಬೊಟ್ಟು ಏನು ಕದಿರೇಶ್?”

“ಸರಿಯಾಗಿ ಒತ್ತಿರಲ್ಲ ಮೇಡಂ. ಅವಸರ.”

“ಎರಡು ವರ್ಷ ಪೂರ್ತಿ ಅವಸರಾನಾ?”

ಅವನ ನಗು ಮುಖದ ಮೇಲೆ ಉಳಿದಿತ್ತು, ಕಣ್ಣಿನಿಂದ ಮಾತ್ರ ಇಳಿದುಹೋಯಿತು.

“ನಿಮ್ಮ ಕಂಪ್ನಿಗೆ ಬರೋ ಮುಂಚೆ ದೊಡ್ಡಗಂಗಮ್ಮ ಏನು ಮಾಡ್ತಿದ್ಲು ಗೊತ್ತಾ?”

“ಕೂಲಿ ಮಾಡ್ತಿತ್ತೇನೋ.”

“ಇಪ್ಪತ್ತೆರಡು ವರ್ಷ ರೇಷ್ಮೆ ನೂಲು ತೆಗೀತಿದ್ಲು. ಗೂಡು ಬೇಯೋ ನೀರಲ್ಲಿ ಬೆರಳು ಅದ್ದಿ ಅದ್ದಿ ತೆಗೆಯೋ ಕೆಲಸ. ಬೆಳಿಗ್ಗೆ ಆರಕ್ಕೆ ಅದ್ದಿದ್ರೆ ಸಂಜೆ ಐದಕ್ಕೆ ಹೊರಗೆ. ಆ ಬೆರಳಲ್ಲಿ ಗೆರೆ ಉಳಿಯುತ್ತಾ?”

ಇದನ್ನು ಇಶ್ರತ್ ಯಾವ ತರಬೇತಿಯಲ್ಲೂ ಕಲಿತವಳಲ್ಲ. ಅವಳ ಅಮ್ಮಿ ದಿಲ್ಷಾದ್ ಕೂಡ ಅಂಥದೇ ಬಿಸಿನೀರಿನ ಮುಂದೆ ಕೂತು ಮಗಳನ್ನು ಓದಿಸಿದವಳು. ಅಮ್ಮಿಯ ಬೆರಳ ತುದಿ ಬೆಂದು, ಸುಲಿದು, ಮತ್ತೆ ಬೆಂದು ನೀರಲ್ಲಿ ನೆನೆದ ಬಾದಾಮಿಯಂತೆ ನುಣ್ಣಗಾಗಿತ್ತು. ಆಧಾರ್ ಮಾಡಿಸಲು ಮೂರು ಸಲ ಹೋಗಿ ಬಂದಿದ್ದಳು. ಯಂತ್ರ ಅವಳ ಬೆರಳನ್ನು ಬೆರಳೆಂದೇ ಒಪ್ಪಿರಲಿಲ್ಲ. “ಅಲ್ಲಾ ಕೊಟ್ಟ ಗುರುತನ್ನ ಹುಳ ತಿಂದುಬಿಡ್ತು ಬೇಟಿ,” ಎಂದು ಅಮ್ಮಿ ನಕ್ಕಿದ್ದಳು. ಆ ನಗು ನೆನಪಾದಾಗಲೆಲ್ಲ ಇಶ್ರತ್‌ಗೆ ಯಾರನ್ನಾದರೂ ಹಿಡಿದು ಬಡಿಯಬೇಕೆನಿಸುತ್ತಿತ್ತು. ಇವತ್ತು ಆ ‘ಯಾರು’ ಎದುರಿಗೇ ಕೂತಿದ್ದ.

ಅವಳು ಮೊಬೈಲ್ ತೆಗೆದು ಮಂಗಳವಾರ ಶವಾಗಾರದಲ್ಲಿ ಹಿಡಿದ ಚಿತ್ರವನ್ನು ಹಾಳೆಯ ಪಕ್ಕದಲ್ಲಿಟ್ಟಳು. ದೊಡ್ಡಗಂಗಮ್ಮನ ಎಡಗೈ. ಹೆಬ್ಬೆರಳ ತುದಿ ನುಣುಪಾಗಿ, ಬೋಳಾಗಿತ್ತು.

“ಇವತ್ತು ಬೆಳಿಗ್ಗೆ ಸುಗಟೂರಿನ ರೇಷನ್ ಅಂಗಡೀಗೆ ಹೋಗಿ ಬಂದೆ. ಆಕೆ ಹೆಬ್ಬೆಟ್ಟನ್ನ ಮೆಷಿನ್ ಒಂದು ಸಲವೂ ತಗೊಂಡಿಲ್ಲ. ಒಂದೇ ಒಂದು ಸಲವೂ ಇಲ್ಲ. ಸರ್ಕಾರಕ್ಕೆ ಸಿಗದ ಹೆಬ್ಬೆಟ್ಟು ನಿಮಗೆ ಹೆಂಗೆ ಸಿಕ್ತು?”

ರೇಷನ್ ಅಂಗಡಿಯ ಸೊಣ್ಣಪ್ಪ ಇನ್ನೂ ಏನೋ ಹೇಳಲು ಬಾಯಿ ತೆರೆದಿದ್ದ. “ಅದಕ್ಕೇ ಮೇಡಂ, ಯಾವಾಗ್ಲೂ ಅವ್ರ...” ಎಂದು ಶುರುಮಾಡಿದ್ದ. ಇಶ್ರತ್‌ಗೆ ಬೇಕಾದದ್ದು ಸಿಕ್ಕಿಬಿಟ್ಟಿತ್ತು. ಸಿಟ್ಟಿನ ಭರದಲ್ಲಿ ಅರ್ಧ ಮಾತು ಕೇಳಿ ಜೀಪು ಹತ್ತಿದ್ದಳು.

ಕದಿರೇಶ್ ಚಿತ್ರವನ್ನು ದಿಟ್ಟಿಸಿದ. ಹಳೆಯ ವ್ಯಾಪಾರಿ, ಅಷ್ಟು ಬೇಗ ಅಂಗಡಿ ಮುಚ್ಚುವವನಲ್ಲ.

“ಮೇಡಂ, ಉಗುರಿನ ಸಂದಿ ನೋಡಿ. ನೀಲಿ ಶಾಯಿ ಇದೆ. ಒತ್ತಿದ್ದಾಳೆ ಅಂತ ನಿಮ್ಮ ಫೋಟೋನೇ ಹೇಳ್ತಾ ಇದೆ.”

“ಅದನ್ನ ನಾನೂ ನೋಡಿದ್ದೀನಿ. ಜೂನ್ ಮೂರರ ಶಾಯಿ ಆಗಸ್ಟ್‌ವರೆಗೆ ಉಗುರಲ್ಲಿ ಇರುತ್ತಾ? ದಿನಾ ಆಸಿಡ್ ಹಾಕಿ ಕಕ್ಕಸು ತಿಕ್ಕೋಳ ಉಗುರಲ್ಲಿ? ರಿಜಿಸ್ಟರಲ್ಲಿ ಸೋಮವಾರದ್ದು ಆಕೆ ಬೊಟ್ಟೂ ಇಲ್ಲ.”

ಅವನು ಮೊಬೈಲನ್ನು ಅವಳ ಕಡೆಗೆ ವಾಪಸ್ ಸರಿಸಿದ.

“ಸೋಮವಾರ ಆಕೆ ಕೈಯಿಂದ ಒತ್ತಿಸೋಕೆ ನೋಡಿದ್ದೀರಿ. ಬರೀ ಬೊಟ್ಟು ಬಂತು. ಆಮೇಲೆ ಇನ್ಯಾರದೋ ಹೆಬ್ಬೆಟ್ಟು ಒತ್ತಿಸಿ ಹಳೇ ತಾರೀಖು ಹಾಕಿದ್ದೀರಿ. ಹೆಣದ ಕೈ ಹಿಡಿದು ಶಾಯಿ ಬಳಿಯೋಕೆ ಮನಸ್ಸಾದ್ರೂ ಹೆಂಗೆ ಬಂತು ನಿಮಗೆ?”

“ನಾನು ಮುಟ್ಟಿಲ್ಲ ಮೇಡಂ,” ಎಂದ ಕದಿರೇಶ್. ದನಿ ಮೊದಲ ಬಾರಿಗೆ ತಗ್ಗಿತ್ತು. “ದೇವರಾಣೆ ನಾನು ಮುಟ್ಟಿಲ್ಲ. ಪೇಪರ್ ರೆಡಿ ಮಾಡ್ಕೊಂಡು ಬಾ ಅಂದೆ, ಅಷ್ಟೇ. ಗೋಪಿ ತಂದುಕೊಟ್ಟ. ಎಲ್ಲಿಂದ ತಂದ, ಯಾರ ಕೈಲಿ ಒತ್ತಿಸ್ದ, ನಾನು ಕೇಳ್ಲಿಲ್ಲ.”

“ಕೈ ಹಿಡಿದು ಒತ್ತಿಸಿದ್ದೇ ನಾನು ಅಂತ ಈಗ ತಾನೇ ಬರ್ಕೊಟ್ರಿ.”

“ಬಾಯ್ತಪ್ಪಿ ಬಂತು.”

“ಗೋಪಿ ಎಲ್ಲಿ?”

“ರಜಾ ಹಾಕಿದ್ದಾನೆ.”

“ಫೋನ್ ಮಾಡಿ. ಸ್ಪೀಕರ್ ಹಾಕಿ.”

ಅವನು ನಂಬರ್ ಒತ್ತಿದ. ಎರಡು ರಿಂಗಿಗೇ ಆ ಕಡೆಯಿಂದ “ಅಣ್ಣಾ” ಎಂಬ ದನಿ ಬಂತು. ಕದಿರೇಶ್ ತಕ್ಷಣ ತೆಲುಗಿಗೆ ಹೊರಳಿದ. “ಗೋಪಿ, ಇಪ್ಪುಡು ರಾವೊದ್ದು ರಾ. ಅಕ್ಕಡೇ ಉಂಡು.”

ಈಗ ಬರಬೇಡ, ಅಲ್ಲೇ ಇರು. ಕೋಲಾರ ಸೀಮೆಯಲ್ಲಿ ಹುಟ್ಟಿದವರ ಎದುರು ತೆಲುಗಿನಲ್ಲಿ ಗುಟ್ಟು ಹೇಳುವುದೆಂದರೆ ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ. ಇಶ್ರತ್ ಫೋನನ್ನು ಅವನ ಕೈಯಿಂದ ಕಿತ್ತುಕೊಂಡಳು. “ಎಕ್ಕಡ ಉನ್ನಾವ್, ಗೋಪಿ?” ಎಂದು ಕೇಳಿದಳು. ಎಲ್ಲಿದ್ದೀಯ ಎಂಬ ಆ ಪ್ರಶ್ನೆಗೆ ಆ ಕಡೆ ಬಸ್ಸಿನ ಹಾರ್ನ್ ಕೇಳಿಸಿತು, “ಮುಳಬಾಗಿಲು, ಮುಳಬಾಗಿಲು” ಎಂದು ಕಂಡಕ್ಟರ್ ಕೂಗಿದ್ದು ಕೇಳಿಸಿತು, ಫೋನ್ ಕಟ್ಟಾಯಿತು.

ಅವಳು ಬಾಗಿಲಲ್ಲಿ ನಿಂತಿದ್ದ ಕಾನ್‌ಸ್ಟೇಬಲ್ ನರೇಶನ ಕಡೆ ತಿರುಗಿದಳು. “ಮುಳಬಾಗಿಲಿಗೆ ತಿಳಿಸಿ. ಆಂಧ್ರ ಬಾರ್ಡರ್ ದಾಟೋಕೆ ಮುಂಚೆ ಹಿಡೀಬೇಕು.”

ಆಮೇಲೆ ಅಲ್ಲೇ ನಿಂತು ವೆಂಕಟರಮಣಪ್ಪನವರಿಗೆ ಫೋನ್ ಮಾಡಿದಳು. ಕದಿರೇಶನಿಗೆ ಕೇಳಲಿ ಎಂದೇ ದನಿ ಎತ್ತರಿಸಿದಳು.

“ಸರ್, ಪತ್ರ ಸುಳ್ಳು. ಹೆಬ್ಬೆಟ್ಟು ಸತ್ತೋಳದ್ದಲ್ಲ. ಓನರ್ ಒಪ್ಕೊಂಡಿದ್ದಾರೆ.”

“ಹೌದಾ? ಮತ್ತೆ ಯಾರದ್ದು?”

“ಸಿಗ್ತಾರೆ ಸರ್. ಬೆರಳಲ್ಲಿ ಹಳೇ ಗಾಯದ ಕಲೆ ಇದೆ. ಆ ಕೈ ಯಾರದೇ ಆಗಿರ್ಲಿ, ಅವ್ರೇ ಮೊದಲ ಆರೋಪಿ. ಬಿಡೋ ಮಾತೇ ಇಲ್ಲ.”

“ನೋಡಿ ಇಶ್ರತ್, ಕೋಪದಲ್ಲಿ ಹೇಳ್ತಿದ್ದೀರಾ?”

“ಯೋಚನೆ ಮಾಡೇ ಹೇಳ್ತಿದ್ದೀನಿ ಸರ್.”

“ಸರಿ. ಹಂಗೇ ಬರೆಸ್ತೀನಿ. ಆಮೇಲೆ ಬದಲಾಯಿಸಿ ಅನ್ಬೇಡಿ, ನಾನು ಮೇಲಿನೋರಿಗೂ ಈಗಲೇ ಹೇಳ್ಬಿಡ್ತೀನಿ. ಹೆಸರು ಸಿಕ್ಕಿದ ತಕ್ಷಣ ಫೋನ್ ಮಾಡಿ.”

ಎರಡು ದಿನದಲ್ಲಿ ಮೊದಲ ಬಾರಿಗೆ ಇಶ್ರತ್‌ಗೆ ಉಸಿರು ಸರಾಗವಾಗಿ ಆಡಿತು. ಕೊಟ್ಟ ಮಾತು ಉಳಿದಿತ್ತು. ದೊಡ್ಡಗಂಗಮ್ಮ ತಾನಾಗಿ ಸತ್ತಳು ಎಂದು ಇನ್ನು ಯಾರೂ ಬರೆಯಲಾರರು.

“ಆಕೆ ಸಾಮಾನು ಏನಿದೆ ಇಲ್ಲಿ?” ಎಂದಳು.

ಕದಿರೇಶ್ ಕಪಾಟಿನಿಂದ ಒಂದು ವಯರ್ ಬ್ಯಾಗ್ ತೆಗೆದಿಟ್ಟ. ಒಳಗೆ ಟಿಫನ್ ಕ್ಯಾರಿಯರ್, ಹಸಿರು ಸೀರೆ, ಒಂದು ಜೊತೆ ಹವಾಯಿ ಚಪ್ಪಲಿ. ಕ್ಯಾರಿಯರ್ ಇನ್ನೂ ಭಾರವಾಗಿತ್ತು. ಸೋಮವಾರದ ಮುದ್ದೆ ಒಳಗೇ ಉಳಿದಿತ್ತು, ವಾಸನೆ ಬರುತ್ತಿತ್ತು.

ನರೇಶ್ ಹೋಗಿ ಮೇಘನಳನ್ನು ಕರೆತಂದ. ಇಪ್ಪತ್ತರ ಹುಡುಗಿ, ಕೋಲಾರದಲ್ಲಿ ಬಿ.ಕಾಂ ಓದುತ್ತಿದ್ದವಳು. ಅತ್ತು ಅತ್ತು ಮುಖ ಊದಿತ್ತು. ಕೈಗಳನ್ನು ವೇಲಿನಲ್ಲಿ ಸುತ್ತಿಕೊಂಡು, ಎಡಗೈ ಮುಷ್ಟಿ ಹಿಡಿದು ನಿಂತಳು. ಎರಡು ದಿನದಿಂದಲೂ ಅವಳು ಹಾಗೆಯೇ ಮುಷ್ಟಿ ಹಿಡಿದಿದ್ದಳು. ದುಃಖಕ್ಕೆ ಎಂದುಕೊಂಡಿದ್ದಳು ಇಶ್ರತ್.

“ಅಮ್ಮನ ಸಾಮಾನು, ತಗೋಮ್ಮ. ಇನ್ನು ಹೆದರ್ಬೇಡ. ಆ ಪತ್ರ ಸುಳ್ಳು ಅಂತ ಗೊತ್ತಾಯ್ತು.”

ಮೇಘನ ತಲೆ ಎತ್ತಲಿಲ್ಲ. ಸಂತೋಷದ ಸುಳಿವೂ ಅವಳ ಮುಖದಲ್ಲಿ ಕಾಣಲಿಲ್ಲ. ಚಪ್ಪಲಿಯನ್ನೇ ನೋಡುತ್ತಿದ್ದಳು.

ಕದಿರೇಶ್ ಅಭ್ಯಾಸಬಲದಿಂದಲೋ ಏನೋ ರಿಜಿಸ್ಟರ್ ತೆರೆದು ‘ಸಾಮಾನು ಪಡೆದವರು’ ಎಂದು ಬರೆದು ಪ್ಯಾಡನ್ನು ಅವಳ ಕಡೆ ತಳ್ಳಿದ.

“ಸಹಿ ಮಾಡ್ತೀನಿ,” ಎಂದಳು ಮೇಘನ.

“ಸಹಿ ನಡಿಯಲ್ಲಮ್ಮ ಇಲ್ಲಿ.”

“ಸಹಿ ಮಾಡ್ತೀನಿ ಅಂದ್ನಲ್ಲ.”

“ಒತ್ತಿಬಿಡು ಮೇಘನ. ಎರಡು ನಿಮಿಷ, ಹೊರಟುಬಿಡೋಣ,” ಎಂದಳು ಇಶ್ರತ್. ಹಾಗೆ ಹೇಳಿದ್ದಕ್ಕೆ ಆಮೇಲೆ ಅವಳು ತನ್ನ ನಾಲಿಗೆಯನ್ನೇ ಶಪಿಸಿಕೊಂಡಳು.

ಹುಡುಗಿ ಪೊಲೀಸರ ಮಾತಿಗೆ ಹೆದರಿದಳು. ಮುಷ್ಟಿ ಬಿಚ್ಚಿ, ಎಡ ಹೆಬ್ಬೆರಳನ್ನು ಪ್ಯಾಡಿಗೆ ಒತ್ತಿ, ರಿಜಿಸ್ಟರಿನ ಮೇಲಿಟ್ಟು ತೆಗೆದಳು.

ಅಚ್ಚುಕಟ್ಟಾದ ಸುಳಿ. ನಟ್ಟನಡುವೆ ಓರೆಯಾಗಿ ಒಂದು ಬಿಳಿ ಗೀರು.

ಪ್ಲಾಸ್ಟಿಕ್ ಕವರಿನ ಹಾಳೆ ಅಂಗೈಯಗಲ ದೂರದಲ್ಲೇ ಇತ್ತು. ಇಶ್ರತ್ ಅದನ್ನು ನೋಡಿದಳು, ಇದನ್ನು ನೋಡಿದಳು. ಬೇರೆ ಯಾವ ತಜ್ಞರೂ ಬೇಕಿರಲಿಲ್ಲ. ‘ಅದಕ್ಕೇ ಮೇಡಂ, ಯಾವಾಗ್ಲೂ ಅವ್ರ ಮಗಳೇ’ ಎಂದು ಸೊಣ್ಣಪ್ಪ ಹೇಳಬೇಕೆಂದಿದ್ದ ಮಾತಿನ ಉಳಿದರ್ಧ ಈಗ ಅವಳಿಗೆ ತಿಳಿಯಿತು. ರೇಷನ್ನಿಗೆ ಮನೆಯ ಯಾರ ಬೆರಳಾದರೂ ನಡೆಯುತ್ತದೆ. ತಾಯಿಯ ಬೆರಳು ಬರದ ಮನೆಯಲ್ಲಿ ಮಗಳ ಬೆರಳು. ಇಶ್ರತ್ ತನ್ನ ಅಮ್ಮಿಗಾಗಿ ತಾನೇ ಎಷ್ಟು ವರ್ಷ ಹಾಗೆ ಕೈ ಚಾಚಿದ್ದಳು. ಅದೊಂದು ಮಾತ್ರ ಅವಳಿಗೆ ಹೊಳೆದಿರಲಿಲ್ಲ.

ಕೋಪದಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುತ್ತದೆಯೇ?

ಕದಿರೇಶನೂ ನೋಡಿದ್ದ. ಅವನ ಮುಖಕ್ಕೆ ಬಣ್ಣ ಮರಳಿತು.

“ಯಾರದೇ ಕೈ ಆಗಿರ್ಲಿ ಅಂದ್ರಿ ಅಲ್ವಾ ಮೇಡಂ?” ಎಂದ, ಬಹಳ ಮರ್ಯಾದೆಯಿಂದ. “ಮೊದಲ ಆರೋಪಿ ಅಂದ್ರಿ. ನಾನು ಕೇಳಿಸ್ಕೊಂಡೆ.”

ಇಶ್ರತ್ ಪತ್ರವನ್ನೂ ರಿಜಿಸ್ಟರನ್ನೂ ಬಗಲಿಗಿಟ್ಟುಕೊಂಡಳು. “ಇನ್ನೊಂದು ಮಾತು ಆಡಿದ್ರೆ ನಿಮ್ಮನ್ನ ಇದೇ ಫಿನಾಯಿಲ್ ಕ್ಯಾನ್ ಜೊತೆ ಎಳ್ಕೊಂಡು ಹೋಗ್ತೀನಿ,” ಎಂದಳು. ಅದು ಬರೀ ಬಾಯಿಮಾತೆಂದು ಇಬ್ಬರಿಗೂ ಗೊತ್ತಿತ್ತು. ನರೇಶನಿಗೆ ಅವನನ್ನು ಕಾಯಲು ಹೇಳಿ ಹುಡುಗಿಯ ತೋಳು ಹಿಡಿದು ಕೆಳಗಿಳಿದಳು.

ಜೀಪಿನ ಬಾಗಿಲು ಹಾಕಿಕೊಂಡ ಮೇಲೆ ಕೇಳಿದಳು. “ಬೆರಳಿಗೆ ಏನಾಗಿತ್ತು?”

“ಹಿಪ್ಪುನೇರಳೆ ಸೊಪ್ಪು ಕೊಯ್ಯೋವಾಗ ಕುಡುಗೋಲು ತಾಗಿತ್ತು. ಚಿಕ್ಕೋಳಿದ್ದಾಗ.”

“ಯಾಕೆ ಹೇಳ್ಲಿಲ್ಲ ನನಗೆ?”

“ಹೇಳಿದ್ರೆ ನಾನೇ ಅಮ್ಮನ್ನ ಸಾಯಿಸಿದಂಗೆ ಆಗುತ್ತಲ್ಲ ಮೇಡಂ.” ಮೇಘನಳ ದನಿಯಲ್ಲಿ ಅಳು ಇರಲಿಲ್ಲ. ಅಳು ಮುಗಿದುಹೋಗಿತ್ತು. “ಗೋಪಿ ಅಣ್ಣ ನಮ್ಮೂರೋನೇ. ಮನೆಗೆ ಬಂದಿದ್ದ. ನಿಮ್ಮಮ್ಮಂದು ಅಟೆಂಡೆನ್ಸ್ ಪೇಪರ್, ಒಂದು ಹೆಬ್ಬೆಟ್ಟು ಬಾಕಿ ಇದೆ, ಅವಳದು ಬರಲ್ವಲ್ಲ ನೀನೇ ಒತ್ತು ಅಂದ. ರೇಷನ್ನಿಗೆ, ಸಂಘದ ಪುಸ್ತಕಕ್ಕೆ ನಾನೇ ಒತ್ತೋದು. ಮಡಚಿಟ್ಟಿದ್ದ. ಮೇಲೆ ಏನಿದೆ ಅಂತ ನೋಡ್ಲಿಲ್ಲ. ಓದ್ಕೊಂಡೋಳು ನಾನು, ನೋಡ್ಲಿಲ್ಲ.”

ಇಶ್ರತ್‌ಗೆ ಒಂದು ಎಳೆ ಸಿಕ್ಕಂತಾಯಿತು. ಮೋಸದಿಂದ ಒತ್ತಿಸಿಕೊಂಡದ್ದು. ವೆಂಕಟರಮಣಪ್ಪನವರ ಕಾಲು ಹಿಡಿದಾದರೂ ಹುಡುಗಿಯನ್ನು ಸಾಕ್ಷಿ ಮಾಡಬಹುದು. ಹೆಣ ಆಸ್ಪತ್ರೆಗೆ ಸೇರಿದ ಮೇಲೆ, ಸಾವಿನ ಸುದ್ದಿ ಮುಚ್ಚಿಟ್ಟು ಬಂದಿದ್ದಾನೆ ರಾಕ್ಷಸ ಎಂದುಕೊಂಡಳು.

“ಸೋಮವಾರ ಮಧ್ಯಾಹ್ನ ತಾನೇ ಬಂದಿದ್ದು?”

“ಇಲ್ಲ ಮೇಡಂ, ಬೆಳಿಗ್ಗೆ. ನಾನು ಕಾಲೇಜಿಗೆ ಹೊರಟಿದ್ದೆ. ಹತ್ತೂ ಮುಕ್ಕಾಲಿನ ಬಸ್ಸು ಅವನಿಂದಾನೇ ತಪ್ತು.”

ಇಶ್ರತ್‌ಳ ಕೈ ಫೈಲಿನ ಮೇಲೆ ನಿಂತುಬಿಟ್ಟಿತು. “ಸರಿಯಾಗಿ ನೆನಪು ಮಾಡ್ಕೋ. ಹತ್ತೂ ಮುಕ್ಕಾಲಾ?”

“ಬಸ್ಸು ಹೋಗಿದ್ದು ಬಾಗಿಲಿಂದಾನೇ ನೋಡ್ದೆ.”

ಕದಿರೇಶನ ಹೇಳಿಕೆಯಲ್ಲಿ ದೊಡ್ಡಗಂಗಮ್ಮ ಬಿದ್ದದ್ದು ಹನ್ನೊಂದೂವರೆಗೆ. ವೇಮಗಲ್‌ನಿಂದ ಸುಗಟೂರಿಗೆ ಬೈಕಿನಲ್ಲಿ ಅರ್ಧ ಗಂಟೆಯಾದರೂ ಬೇಕು. ಎಂದರೆ ಗೋಪಿ ಹೊರಟದ್ದು ತಡವೆಂದರೆ ಹತ್ತೂಕಾಲಿಗೆ. ಅವಘಡ ಆಗದೆ ಆ ಪತ್ರದ ಅವಸರ ಯಾರಿಗೂ ಬೀಳುತ್ತಿರಲಿಲ್ಲ. ಹಾಗಾದರೆ ದೊಡ್ಡಗಂಗಮ್ಮ ಬಿದ್ದದ್ದು ಅದಕ್ಕೂ ಮೊದಲು. ತೊಟ್ಟಿಯಿಂದ ಎತ್ತಿ ಮಲಗಿಸಿದ್ದಾರೆ. ಹೆಬ್ಬೆರಳಿಗೆ ಶಾಯಿ ಬಳಿದಿದ್ದಾರೆ. ಗುರುತು ಬಂದಿಲ್ಲ. ಬಾರದ ಗುರುತನ್ನು ತರಲು ಬೈಕು ಹತ್ತಿ ಸುಗಟೂರಿಗೆ ಹೋಗಿದ್ದಾರೆ. ಪತ್ರ ಕೈಗೆ ಬಂದ ಮೇಲೆ, ಹನ್ನೊಂದು ನಲವತ್ತಕ್ಕೆ, ಆಂಬುಲೆನ್ಸಿಗೆ ಫೋನ್ ಮಾಡಿದ್ದಾರೆ.

ಇಶ್ರತ್ ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಆಂಬುಲೆನ್ಸಿಗೆ ಕರೆ ಹೋದ ಸಮಯ ಮೇಘನಳಿಗೂ ಗೊತ್ತಿತ್ತು, ಬಿ.ಕಾಂ ಓದುವ ಹುಡುಗಿಗೆ ಲೆಕ್ಕ ಬರುತ್ತಿತ್ತು.

“ಗೋಪಿ ಅಣ್ಣ ನಿಲ್ಲಲ್ಲ ಅಂದ,” ಎಂದಳು ಮೇಘನ, ವಯರ್ ಬ್ಯಾಗನ್ನು ಎದೆಗೆ ಒತ್ತಿಕೊಂಡು. “ಬಸ್ ಹೇಗೂ ಹೋಯ್ತು, ಕಾಫಿ ಕುಡ್ಕೊಂಡು ಹೋಗಣ್ಣ ಅಂತ ನಾನೇ ಬಲವಂತ ಮಾಡಿ ಕೂರಿಸ್ದೆ. ಹಾಲು ಇರ್ಲಿಲ್ಲ. ಪಕ್ಕದ ಮನೆಯಿಂದ ಇಸ್ಕೊಂಡು ಬಂದೆ. ಕುಡ್ದ. ಲೋಟ ತೊಳೆದೂ ಇಟ್ಟ.”

ಮೇಲೆ, ಮಹಡಿಯ ಕಿಟಕಿಯಲ್ಲಿ ಕದಿರೇಶ್ ನಿಂತು ಜೀಪನ್ನೇ ನೋಡುತ್ತಿದ್ದ.

“ಅಕ್ಕ,” ಎಂದಳು ಮೇಘನ. ಎರಡು ದಿನದಲ್ಲಿ ಅವಳು ಇಶ್ರತ್‌ಳನ್ನು ಹಾಗೆ ಕರೆದದ್ದು ಅದೇ ಮೊದಲು. “ಅವ್ನು ಕಾಫಿ ಕುಡೀತಿದ್ದಾಗ ಅಮ್ಮ ಬದುಕಿದ್ಲಾ?”

ಇಶ್ರತ್‌ಳ ತೊಡೆಯ ಮೇಲಿದ್ದ ಫೈಲಿನಲ್ಲಿ, ಮೇಲಿನಿಂದ ಎರಡನೇ ಹಾಳೆ ಆಂಬುಲೆನ್ಸಿನ ಚೀಟಿ. ಅದರಲ್ಲಿ ಕರೆಯ ಸಮಯದ ಕೆಳಗೆ ಇನ್ನೊಂದು ಸಾಲಿತ್ತು. ಮಂಗಳವಾರ ಓದಿದಾಗ ಅವಳು ಅದಕ್ಕೆ ಅರ್ಥವನ್ನೇ ಕೊಟ್ಟಿರಲಿಲ್ಲ. ‘ಹತ್ತಿಸಿಕೊಂಡಾಗ ನಾಡಿ ಇದೆ.’

ಅವಳು ಫೈಲಿನ ಮೇಲೆ ಅಂಗೈ ಊರಿದಳು. ಫೋನ್ ಹೊಡೆದುಕೊಂಡಿತು.

“ಇಶ್ರತ್, ಆ ಕದಿರೇಶ್ ಈಗ ನನಗೇ ಫೋನ್ ಮಾಡಿದ್ದ. ಹೆಬ್ಬೆಟ್ಟು ಸಿಕ್ಕಿದೆಯಂತಲ್ಲ,” ಎಂದರು ವೆಂಕಟರಮಣಪ್ಪ. “ಪೆನ್ನು ಕೈಯಲ್ಲೇ ಇದೆ. ಮೊದಲ ಆರೋಪಿ ಹೆಸರು ಹೇಳಿ.”